ಅಂಗನವಾಡಿಯಲ್ಲಿ ಪಾಠ ಇಲ್ಲವೇ? ಶಾಲಾಪೂರ್ವ ಶಿಕ್ಷಣದ ಸುತ್ತಲಿನ ತಪ್ಪು ಕಲ್ಪನೆಗಳು

ಜೂನ್ ಹತ್ತಿರ ಬಂತೆಂದರೆ ಮೂರು ವರ್ಷದ ಮಗುವಿರುವ ಮನೆಗಳಲ್ಲಿ ಒಂದೇ ಚರ್ಚೆ: ಎಲ್‌ಕೆಜಿಗೆ ಎಲ್ಲಿ ಹಾಕುವುದು? ಕೂಲಿ ಮಾಡಿ ಬದುಕುವವರೂ ಕೈಗಡ ತಂದು ಕಾನ್ವೆಂಟಿನ ಫೀಸು ಕಟ್ಟುತ್ತಾರೆ. ಪಕ್ಕದ ಬೀದಿಯ ಅಂಗನವಾಡಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇದಕ್ಕೆ ಮುಖ್ಯ ಕಾರಣ, ಬಾಯಿಂದ ಬಾಯಿಗೆ ಹರಡಿ ಗಟ್ಟಿಯಾಗಿ ಬೇರೂರಿರುವ ಕೆಲವು ನಂಬಿಕೆಗಳು.

“ಅಂಗನವಾಡಿ ಊಟ ಹಾಕುವ ಜಾಗ, ಅಲ್ಲಿ ಓದಿಸುವುದಿಲ್ಲ”

ಅಂಗನವಾಡಿಗಳು ನಡೆಯುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಯೋಜನೆ ಕೊಡಬೇಕಿದ್ದ ಆರು ಸೇವೆಗಳಲ್ಲಿ ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಯ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅಂದೇ ಇತ್ತು. ಅಂದರೆ ಅಂಗನವಾಡಿ ಹುಟ್ಟಿದ ದಿನದಿಂದಲೂ ಶಾಲೆಯೇ. ನಮ್ಮ ರಾಜ್ಯದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಚಟುವಟಿಕೆ ಆಧಾರಿತ ಪಠ್ಯಕ್ರಮವೂ ಇದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ‘ಪೋಷಣ್ ಭೀ, ಪಢಾಯಿ ಭೀ’ ಕಾರ್ಯಕ್ರಮ ಆರಂಭಿಸಿ ಕಾರ್ಯಕರ್ತೆಯರಿಗೆ ಶಾಲಾಪೂರ್ವ ಶಿಕ್ಷಣದ ತರಬೇತಿ ಕೊಡಲು ಹೊರಟಿತು.

ನ್ಯಾಯಾಲಯದ ಮಾತೂ ಇಲ್ಲಿ ಮುಖ್ಯ. ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೆ ಗ್ರಾಚ್ಯುಟಿ ಸಿಗಬೇಕೆಂದು 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, 3ರಿಂದ 6 ವರ್ಷದ ಮಕ್ಕಳಿಗೆ ಅಲ್ಲಿ ನಡೆಯುತ್ತಿರುವುದು ಶೈಕ್ಷಣಿಕ ಕೆಲಸವೇ ಎಂದು ಪರಿಗಣಿಸಿತು. ಅವರಿಗೆ ಇಂದಿಗೂ ಸಿಗುವುದು ಸಂಬಳವಲ್ಲ, ಗೌರವಧನ. ಇದು ಅನ್ಯಾಯ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

“ಬರೆಯಲು ಕಲಿಸದಿದ್ದರೆ ಅದೆಂಥ ಪಾಠ?”

ಪೋಷಕರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ನಂಬಿಕೆ ಇದು. ಹಾಳೆ ತುಂಬ ಎ, ಬಿ, ಸಿ, ಡಿ ಬರೆದು ತಂದ ಮಗು ಕಲಿಯುತ್ತಿದೆ, ಹಾಡಿ ಕುಣಿದು ಮನೆಗೆ ಬಂದ ಮಗು ಕಲಿಯುತ್ತಿಲ್ಲ ಎಂದು ನಾವು ತೀರ್ಮಾನಿಸಿಬಿಡುತ್ತೇವೆ.

ಚೆನ್ನಾಗಿ ನಡೆಯುವ ಒಂದು ಅಂಗನವಾಡಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿ. ನಾಲ್ಕು ವರ್ಷದ ಹುಡುಗಿಯ ಮುಂದೆ ಹುಣಸೆ ಬೀಜ ಮತ್ತು ಅವರೆಕಾಳು ಬೆರೆಸಿದ ತಟ್ಟೆ ಇರುತ್ತದೆ. ಅವಳು ಒಂದೊಂದಾಗಿ ಆರಿಸಿ ಎರಡು ಬಟ್ಟಲಿಗೆ ಹಾಕುತ್ತಾಳೆ. ಹೆಬ್ಬೆರಳು, ತೋರುಬೆರಳಲ್ಲಿ ಬೀಜ ಹಿಡಿಯುವ ಆ ಅಭ್ಯಾಸವೇ ಮುಂದೆ ಪೆನ್ಸಿಲ್ ಹಿಡಿಯುವ ಕೈಯನ್ನು ಸಿದ್ಧ ಮಾಡುತ್ತದೆ. ಬೇರೆ ಬೇರೆ ಗುಂಪು ಮಾಡುವುದರಲ್ಲಿ ಗಣಿತದ ಮೊದಲ ಪಾಠವಿದೆ. “ಯಾವುದರಲ್ಲಿ ಜಾಸ್ತಿ ಇದೆ ಪುಟ್ಟಿ?” ಎಂದು ಟೀಚರ್ ಕೇಳಿದಾಗ ಅವಳು ಹೋಲಿಸುತ್ತಾಳೆ, ಯೋಚಿಸಿ ಪೂರ್ತಿ ವಾಕ್ಯದಲ್ಲಿ ಉತ್ತರಿಸುತ್ತಾಳೆ. ಅಭಿನಯ ಗೀತೆ ಹೇಳುವಾಗ ಪ್ರಾಸದ ಮೂಲಕ ಶಬ್ದದೊಳಗಿನ ಧ್ವನಿಗಳನ್ನು ಬಿಡಿಸಿ ಕೇಳುವುದು ಅಭ್ಯಾಸವಾಗುತ್ತದೆ. ಅಕ್ಷರ ಓದಲು ಮೊದಲು ಬೇಕಾದದ್ದು ಈ ಕಿವಿ.

2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುವುದೂ ಇದನ್ನೇ: ಈ ವಯಸ್ಸಿನ ಕಲಿಕೆಯ ತಿರುಳು ಆಟ. ಅಸ್ಸಾಂ, ರಾಜಸ್ಥಾನ ಮತ್ತು ಅವಿಭಜಿತ ಆಂಧ್ರದಲ್ಲಿ ಸುಮಾರು 14 ಸಾವಿರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2017ರಲ್ಲಿ ವರದಿ ಪ್ರಕಟಿಸಿದ ಅಧ್ಯಯನವೊಂದು, ಖಾಸಗಿ ನರ್ಸರಿಗಳಲ್ಲಿ ಬಹುಪಾಲು ಕಡೆ ಒಂದನೇ ತರಗತಿಯ ಬರವಣಿಗೆ, ಬಾಯಿಪಾಠವನ್ನೇ ಕೆಳಕ್ಕೆ ಎಳೆದು ತಂದಿರುವುದನ್ನು ಗುರುತಿಸಿತು. ಐದನೇ ವಯಸ್ಸಿಗೆ ಮಕ್ಕಳು ಶಾಲೆಗೆ ಸಿದ್ಧವಾಗಿರಬೇಕಾದ ಮಟ್ಟಕ್ಕಿಂತ ತುಂಬ ಹಿಂದಿದ್ದರು. ಫೀಸು ಕಟ್ಟಿದ ಮಾತ್ರಕ್ಕೆ ಒಳ್ಳೆಯ ಶಾಲಾಪೂರ್ವ ಶಿಕ್ಷಣ ಸಿಕ್ಕಿತು ಎನ್ನುವಂತಿಲ್ಲ.

“ಬೇಗ ಒಂದನೇ ಕ್ಲಾಸಿಗೆ ಸೇರಿಸಿದರೆ ಒಂದು ವರ್ಷ ಉಳಿಯುತ್ತದೆ”

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಎಂದು ಕರೆದು, ಒಂದನೇ ತರಗತಿಯ ವಯಸ್ಸನ್ನು 6ಕ್ಕೆ ನಿಲ್ಲಿಸಿತು. ಕರ್ನಾಟಕವೂ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮ ಮಾಡಿತು; ಪೋಷಕರ ಒತ್ತಾಯಕ್ಕೆ 2025-26ನೇ ಸಾಲಿನಲ್ಲಿ ಅದನ್ನು ಸುಮಾರು ಐದೂವರೆಗೆ ಸಡಿಲಿಸಿತು. ಪೋಷಕರ ಆತಂಕ ಅರ್ಥವಾಗುತ್ತದೆ. ಆದರೆ ಆಡಬೇಕಾದ ವರ್ಷವನ್ನು ಮಗುವಿನಿಂದ ಕಿತ್ತುಕೊಂಡು ಉಳಿಸುವುದೇನು?

“ಉಚಿತ ಎಲ್‌ಕೆಜಿ ಕಾಯ್ದೆಯಲ್ಲೇ ಇದೆ”

ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಕ್ಕನ್ನು ಕೊಟ್ಟಿರುವುದು 6ರಿಂದ 14 ವರ್ಷದವರಿಗೆ. ಮೂರು ದಾಟಿದ ಮಕ್ಕಳಿಗೆ ಸರ್ಕಾರ ಉಚಿತ ವ್ಯವಸ್ಥೆ ‘ಮಾಡಬಹುದು’ ಎಂದಷ್ಟೇ ಅದರ 11ನೇ ಕಲಮು ಹೇಳುತ್ತದೆ. ಸಂವಿಧಾನದ 45ನೇ ವಿಧಿಯಲ್ಲೂ ಇರುವುದು ಪ್ರಯತ್ನಿಸಬೇಕೆಂಬ ನಿರ್ದೇಶನ. ಈ ‘ಬಹುದು’ ಎಂಬುದು ‘ಬೇಕು’ ಆಗುವವರೆಗೆ ಶಾಲಾಪೂರ್ವ ಶಿಕ್ಷಣ ಆಯಾ ಸರ್ಕಾರದ ಮರ್ಜಿಯಲ್ಲೇ ಇರುತ್ತದೆ.

“ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ತೆರೆದರೆ ಎಲ್ಲ ಸರಿಹೋಗುತ್ತದೆ”

ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಬಂದಾಗ ಪೋಷಕರು ಮುಗಿಬಿದ್ದರು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ಅದನ್ನು ವಿಸ್ತರಿಸಲು ಹೊರಟಾಗ, ನಮ್ಮ ಮಕ್ಕಳೆಲ್ಲ ಅತ್ತ ಹೋದರೆ ಕೇಂದ್ರಗಳ ಗತಿಯೇನು ಎಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಹಳ್ಳಿಹಳ್ಳಿಯಲ್ಲಿ, ಮನೆಯ ಹತ್ತಿರವೇ ಇರುವ ವ್ಯವಸ್ಥೆಯನ್ನು ಬರಿದು ಮಾಡಿ ದೂರದಲ್ಲಿ ಇನ್ನೊಂದನ್ನು ಕಟ್ಟುವುದರಲ್ಲಿ ಅರ್ಥವಿಲ್ಲ.

ನಿಜವಾದ ಕೊರತೆ ಇರುವುದು ಸಮಯದಲ್ಲಿ. ಒಬ್ಬಳೇ ಕಾರ್ಯಕರ್ತೆ ಮಕ್ಕಳ ತೂಕ ನೋಡಬೇಕು, ಗರ್ಭಿಣಿ ಬಾಣಂತಿಯರ ಮನೆಗೆ ಹೋಗಬೇಕು, ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ಗೆ ಮಾಹಿತಿ ತುಂಬಬೇಕು, ಸಮೀಕ್ಷೆ ಮಾಡಬೇಕು. ಪಾಠಕ್ಕೆ ಉಳಿಯುವುದೆಷ್ಟು? ತಮಿಳುನಾಡಿನ 320 ಕೇಂದ್ರಗಳಲ್ಲಿ ನಡೆದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿದೆ. ಅದರಲ್ಲಿ ಕೆಲವು ಕೇಂದ್ರಗಳಿಗೆ ಅರ್ಧ ದಿನದ ಮಟ್ಟಿಗೆ ಶಾಲಾಪೂರ್ವ ಶಿಕ್ಷಣಕ್ಕೆಂದೇ ಇನ್ನೊಬ್ಬರನ್ನು ನೇಮಿಸಲಾಯಿತು. ಪಾಠದ ಸಮಯ ಇಮ್ಮಡಿಯಾಯಿತು. ಹದಿನೆಂಟು ತಿಂಗಳಲ್ಲಿ ಆ ಕೇಂದ್ರಗಳ ಮಕ್ಕಳು ಗಣಿತ, ಭಾಷೆ ಎರಡರಲ್ಲೂ ಮುಂದೆ ಬಂದರು. ಮೊದಲಿನ ಕಾರ್ಯಕರ್ತೆಗೆ ಪೋಷಣೆಯ ಕಡೆ ಗಮನ ಕೊಡಲು ಪುರುಸೊತ್ತು ಸಿಕ್ಕಿದ್ದರಿಂದ ತೀವ್ರ ಅಪೌಷ್ಟಿಕತೆಯೂ ಇಳಿಯಿತು. ಇದನ್ನು ಕರ್ನಾಟಕ ತಡಮಾಡದೆ ಕೈಗೆತ್ತಿಕೊಳ್ಳಬೇಕು.

ಪ್ರತಿ ಅಂಗನವಾಡಿಗೂ ಒಂದು ಬಾಲವಿಕಾಸ ಸಮಿತಿ ಇರುತ್ತದೆ. ಮಗುವನ್ನು ಎಲ್ಲಿ ಸೇರಿಸುವುದೆಂದು ತೀರ್ಮಾನಿಸುವ ಮೊದಲು ನಿಮ್ಮ ಬೀದಿಯ ಅಂಗನವಾಡಿಗೆ ಒಮ್ಮೆ ಹೋಗಿ ನೋಡಿ. ಆಟಿಕೆ ಇಲ್ಲದಿದ್ದರೆ, ಕಟ್ಟಡ ಸೋರುತ್ತಿದ್ದರೆ, ಟೀಚರಿಗೆ ಪಾಠಕ್ಕೆ ಬಿಡುವೇ ಸಿಗದಿದ್ದರೆ ಆ ಸಮಿತಿಯ ಸಭೆಯಲ್ಲಿ ಕೇಳಿ, ಗ್ರಾಮಸಭೆಯಲ್ಲೂ ಕೇಳಿ.