ಉಣ್ಣೆ ಕಚ್ಚಿದೆ, ಲೈಮ್ ಟೆಸ್ಟ್ ಮಾಡಿಸಬೇಕೆ?

ಮೈಸೂರಿನ ಸರಸ್ವತಿಪುರಂನಿಂದ ಓದುಗರೊಬ್ಬರು ಕೇಳಿದ್ದಾರೆ: ಎಚ್.ಡಿ. ಕೋಟೆ ಕಡೆ ಕಾಡಂಚಿನಲ್ಲಿರುವ ನೆಂಟರ ತೋಟಕ್ಕೆ ಹೋಗಿ ಬಂದ ಮರುದಿನ, ಸ್ನಾನ ಮಾಡುವಾಗ ಮಂಡಿಯ ಹಿಂದೆ ಉಣ್ಣೆ ಕಚ್ಚಿಕೊಂಡಿದ್ದು ಕೈಗೆ ಸಿಕ್ಕಿತು. ಕಿತ್ತು ಎಸೆದಾಯಿತು. ವಿಷಯ ತಿಳಿದ ನ್ಯೂಜೆರ್ಸಿಯ ಮಗ ಗಾಬರಿಯಾಗಿ, ‘ಇವತ್ತೇ ಲೈಮ್ ಟೆಸ್ಟ್ ಮಾಡಿಸಿ, ಡಾಕ್ಸಿಸೈಕ್ಲಿನ್ ತಗೊಳ್ಳಿ’ ಎಂದು ಹಟ ಹಿಡಿದಿದ್ದಾನೆ. ಏನು ಮಾಡಲಿ?

ಮಗ ಇರುವ ಊರಿಗೆ ಅವನ ಮಾತು ಬಹುಪಾಲು ಸರಿ. ಎಚ್.ಡಿ. ಕೋಟೆಯ ಉಣ್ಣೆಗೆ ಅದು ಹೊಂದುವುದಿಲ್ಲ. ನಮ್ಮ ಕಡೆ ಉಣ್ಣೆ ಕಚ್ಚಿದರೆ ಕಾದು ನೋಡಬೇಕಾದ್ದು ಮುಂದಿನ ಎರಡು ಮೂರು ವಾರದಲ್ಲಿ ಜ್ವರ ಬರುತ್ತದೆಯೇ ಎಂಬುದನ್ನು. ಲೈಮ್ ಕಾಯಿಲೆಯ ಸರದಿ ಅದಾದ ಮೇಲೆ, ಬಹಳ ಹಿಂದೆ ನಿಂತಿದೆ. ಯಾಕೆ ಎಂದು ತಿಳಿಯಬೇಕಾದರೆ ಆ ಕಾಯಿಲೆ ಪತ್ತೆಯಾದ ಕಥೆಗೇ ಹೋಗಬೇಕು.

1975ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಸಣ್ಣ ಊರಿನ ಸುತ್ತಮುತ್ತ ಮಕ್ಕಳ ಮಂಡಿಗಳು ಊದಿಕೊಳ್ಳತೊಡಗಿದವು. ವೈದ್ಯರು ಒಂದೊಂದು ಮಗುವಿಗೂ ಬೇರೆ ಬೇರೆಯಾಗಿ ‘ಮಕ್ಕಳ ಸಂಧಿವಾತ’ ಎಂದು ಬರೆದುಕೊಟ್ಟರು. ಒಂದೇ ಬೀದಿಯಲ್ಲಿ ಇಷ್ಟು ಮಕ್ಕಳಿಗೆ ಸಂಧಿವಾತ ಬರುವುದೆಂದರೇನು ಎಂದು ಕೇಳಿದವರು ಇಬ್ಬರು ತಾಯಂದಿರು. ಪಾಲಿ ಮರ್ರಿ ಎಂಬಾಕೆ ಮನೆಯವರ ರೋಗಲಕ್ಷಣಗಳನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡಿದ್ದರು. ಜುಡಿತ್ ಮೆನ್ಶ್ ಎಂಬ ಇನ್ನೊಬ್ಬ ತಾಯಿಯೂ ಆರೋಗ್ಯ ಇಲಾಖೆಯ ಬಾಗಿಲು ತಟ್ಟಿದರು. ಆ ದೂರಿನ ಬೆನ್ನು ಹತ್ತಿದವರು ಯೇಲ್ ವಿಶ್ವವಿದ್ಯಾಲಯದ ತರುಣ ವೈದ್ಯ ಅಲೆನ್ ಸ್ಟಿಯರ್. ರೋಗಿಗಳು ಹೆಚ್ಚಾಗಿ ಕಾಡಿನ ಮಗ್ಗುಲ ಮನೆಗಳವರು, ಕಾಯಿಲೆ ಶುರುವಾಗುವುದು ಬೇಸಿಗೆಯಲ್ಲಿ, ಕೆಲವರಿಗೆ ಮಂಡಿ ಊದುವ ಮುಂಚೆ ಚರ್ಮದ ಮೇಲೆ ದಿನದಿಂದ ದಿನಕ್ಕೆ ಅಗಲವಾಗುವ ಕೆಂಪು ಉಂಗುರ ಮೂಡಿತ್ತು. ಇಂಥದೇ ಉಂಗುರವನ್ನು ಸ್ವೀಡನ್ನಿನ ಚರ್ಮವೈದ್ಯ ಆರ್ವಿಡ್ ಅಫ್ಜೇಲಿಯಸ್ 1909ರಲ್ಲೇ ವಿವರಿಸಿ, ಉಣ್ಣೆ ಕಡಿತಕ್ಕೆ ಗಂಟು ಹಾಕಿದ್ದರು. ಯುರೋಪಿನ ಕೆಲವು ವೈದ್ಯರು ಅದಕ್ಕೆ ಪೆನ್ಸಿಲಿನ್ ಕೊಟ್ಟು ವಾಸಿ ಮಾಡುತ್ತಿದ್ದದ್ದೂ ಉಂಟು. ಆದರೆ ಕಾರಣವಾದ ಜೀವಿಯನ್ನು ಯಾರೂ ಕಂಡಿರಲಿಲ್ಲ.

ಅದನ್ನು ಕಂಡವರು ವಿಲ್ಲಿ ಬರ್ಗ್‌ಡಾರ್ಫರ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿ, ಅಮೆರಿಕದ ಮೊಂಟಾನಾದ ಪ್ರಯೋಗಾಲಯದಲ್ಲಿ ಬದುಕೆಲ್ಲ ಉಣ್ಣೆಗಳನ್ನು ಕೊಯ್ದು ನೋಡಿದವರು. 1981ರಲ್ಲಿ ಅವರು ಹುಡುಕುತ್ತಿದ್ದದ್ದು ರಿಕೆಟ್ಸಿಯಾ ಎಂಬ ಬೇರೆಯೇ ರೋಗಾಣುವನ್ನು. ನ್ಯೂಯಾರ್ಕ್ ಬಳಿಯ ಶೆಲ್ಟರ್ ದ್ವೀಪದಿಂದ ಬಂದಿದ್ದ ಉಣ್ಣೆಗಳ ಕರುಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ರಿಕೆಟ್ಸಿಯಾ ಸಿಗಲಿಲ್ಲ, ಉದ್ದುದ್ದ ಸುರುಳಿ ಬ್ಯಾಕ್ಟೀರಿಯಾಗಳು ಕಂಡವು. ಬೇರೆಯವರಾಗಿದ್ದರೆ ಗಾಜಿನ ಚೂರನ್ನು ತೊಳೆದು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದರೇನೋ. ಬರ್ಗ್‌ಡಾರ್ಫರ್ ಮೂವತ್ತು ವರ್ಷದ ಹಿಂದೆ ಬಾಸೆಲ್‌ನಲ್ಲಿ ಡಾಕ್ಟರೇಟ್ ಮಾಡಿದ್ದೇ ಉಣ್ಣೆಯೊಳಗಿನ ಸುರುಳಿ ಬ್ಯಾಕ್ಟೀರಿಯಾದ ಮೇಲೆ! ಕಣ್ಣಿಗೆ ಬಿದ್ದದ್ದು ಏನೆಂದು ಅವರಿಗೆ ತಕ್ಷಣ ಹೊಳೆಯಿತು. ಲೈಮ್ ರೋಗಿಗಳ ರಕ್ತದ ಪ್ರತಿಕಾಯಗಳು ಆ ಜೀವಿಯನ್ನು ಹಿಡಿದುಕೊಂಡವು. 1982ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಬಂತು. ಜೀವಿಗೆ ಬೊರೇಲಿಯಾ ಬರ್ಗ್‌ಡಾರ್ಫೆರಿ ಎಂದು ಅವರ ಹೆಸರೇ ಉಳಿಯಿತು. ವಿಜ್ಞಾನದ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಗಳಿಗೆಗಳಲ್ಲಿ ಇದೊಂದು.

ಈ ಜೀವಿ ಉಣ್ಣೆಯ ಕರುಳಲ್ಲಿ ಇತ್ತು, ಬಾಯಲ್ಲಿ ಅಲ್ಲ ಎಂಬುದನ್ನು ಗಮನಿಸಿ. ಹಸಿದ ಉಣ್ಣೆಯ ಕರುಳಿನ ಗೋಡೆಗೆ ಅಂಟಿಕೊಂಡು ಮಲಗಿರುವಾಗ ಬೊರೇಲಿಯಾದ ಮೈಮೇಲೆ ಒಂದು ಬಗೆಯ ಪ್ರೋಟೀನ್ ಇರುತ್ತದೆ. ಬೆಚ್ಚಗಿನ ರಕ್ತ ಇಳಿದು ಬಂದ ಮೇಲೆ, ಬಣ್ಣದ ಮನೆಯಲ್ಲಿ ಪಾತ್ರಧಾರಿ ಒಂದು ವೇಷ ಕಳಚಿ ಇನ್ನೊಂದನ್ನು ಕಟ್ಟಿಕೊಳ್ಳುವಂತೆ, ಅದು ಹಳೆಯ ಪ್ರೋಟೀನನ್ನು ಬಿಟ್ಟು ಹೊಸದನ್ನು ಹೊದೆಯುತ್ತದೆ. ಆಮೇಲೆ ಕರುಳನ್ನು ಭೇದಿಸಿಕೊಂಡು ಜೊಲ್ಲುಗ್ರಂಥಿಗೆ ಬರಬೇಕು, ಅಲ್ಲಿಂದ ನಮ್ಮ ಚರ್ಮಕ್ಕೆ. ಇದಕ್ಕೆಲ್ಲ ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು, ಅನೇಕ ವೇಳೆ 36ರಿಂದ 48 ಗಂಟೆ ಹಿಡಿಯುತ್ತದೆ. ಲೈಮ್ ಪ್ರದೇಶದಲ್ಲೂ ಕಚ್ಚಿದ ದಿನವೇ ಕಿತ್ತು ತೆಗೆದ ಉಣ್ಣೆಯಿಂದ ಕಾಯಿಲೆ ಬರುವುದು ಅಪರೂಪ ಎನ್ನುವುದು ಇದರಿಂದಲೇ. ವೈರಸ್‌ಗಳಿಗೆ ಈ ಸಿದ್ಧತೆ ಬೇಕಿಲ್ಲ. ಉಣ್ಣೆಯ ಜೊಲ್ಲಿನಲ್ಲೇ ಇರುವ ವೈರಸ್ ಬಹಳ ಬೇಗ ದಾಟಬಲ್ಲದು.

ಇನ್ನೊಂದು ಮಾತು. ಅಮೆರಿಕ, ಯುರೋಪುಗಳಲ್ಲಿ ಲೈಮ್ ಹರಡುವುದು ಇಕ್ಸೋಡಿಸ್ ಕುಲದ ಕೆಲವೇ ಜಾತಿಯ ಉಣ್ಣೆಗಳು. ಪಶ್ಚಿಮ ಘಟ್ಟದಲ್ಲೂ ಆ ಕುಲದ ಉಣ್ಣೆಗಳುಂಟು, ಆದರೆ ಆ ಜಾತಿಗಳಲ್ಲ. ನಮ್ಮಲ್ಲಿ ದನ, ನಾಯಿ, ಮನುಷ್ಯರಿಗೆ ಹತ್ತುವುದು ಹೆಚ್ಚಾಗಿ ಹೀಮಾಫೈಸಾಲಿಸ್, ರೈಪಿಸೆಫಾಲಸ್ ಕುಲದವು.

ಹಾಗಾದರೆ ಮೈಸೂರು ಸೀಮೆಯಲ್ಲಿ ಲೈಮ್ ಇಲ್ಲವೇ? ಇಲ್ಲ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಇದರ ಜಾಡು ಹಿಡಿದವರು ಕಣ್ಣಿನ ವೈದ್ಯರು. ಬೆಂಗಳೂರಿನ ನೇತ್ರತಜ್ಞೆ ಡಾ. ಕಲ್ಪನಾ ಬಾಬು ಮತ್ತು ಸಂಗಡಿಗರು, ಕಣ್ಣಿನ ನರ ಮತ್ತು ಅಕ್ಷಿಪಟಲ ಊದಿಕೊಂಡ ರೋಗಿಯೊಬ್ಬರಲ್ಲಿ ಲೈಮ್ ಕಂಡದ್ದನ್ನು 2010ರಲ್ಲಿ ವರದಿ ಮಾಡಿದರು. ಮುಂದೆ ನಾಗರಹೊಳೆ, ಬಂಡೀಪುರ ಕಾಡಿನ ಪ್ರದೇಶದ ಜನರ ರಕ್ತ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಐವರಲ್ಲಿ ಒಬ್ಬರಿಗೆ ಬೊರೇಲಿಯಾ ವಿರುದ್ಧದ ಪ್ರತಿಕಾಯಗಳಿದ್ದವು. ಇದನ್ನು ತಳ್ಳಿಹಾಕಬಾರದು, ಹೆಚ್ಚಿನ ಸಂಶೋಧನೆ ನಡೆಯಲೇಬೇಕು. ಆದರೆ ಐವರಲ್ಲಿ ಒಬ್ಬರಿಗೆ ಲೈಮ್ ಕಾಯಿಲೆ ಇದೆ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಪ್ರತಿಕಾಯ ಎಂದರೆ ಎಂದೋ ಆದ ಸೋಂಕಿನ ಗುರುತು ಇರಬಹುದು, ಇಲ್ಲವೇ ಸಂಬಂಧಿಕ ಜೀವಿಯ ಗುರುತೂ ಇರಬಹುದು. ಸಿಫಿಲಿಸ್, ಇಲಿಜ್ವರದಂಥ ಸುರುಳಿ ಬ್ಯಾಕ್ಟೀರಿಯಾ ಸೋಂಕುಗಳು ಲೈಮ್ ಪರೀಕ್ಷೆಯನ್ನು ದಾರಿ ತಪ್ಪಿಸುತ್ತವೆ.

ಲೆಕ್ಕ ಹಾಕಿ ನೋಡಿ. ಉಣ್ಣೆ ಕಚ್ಚಿದ 1000 ಜನರಲ್ಲಿ ನಿಜವಾಗಿ ಲೈಮ್ ತಗುಲಿದವರು ಒಬ್ಬರು ಎಂದಿಟ್ಟುಕೊಳ್ಳೋಣ. ಪರೀಕ್ಷೆ ನೂರಕ್ಕೆ 5 ಸಲ ಸುಳ್ಳೇ ‘ಪಾಸಿಟಿವ್’ ಹೇಳುತ್ತದೆ ಎನ್ನೋಣ. ಆಗ ಸುಮಾರು 50 ಜನ ಸುಳ್ಳು ಪಾಸಿಟಿವ್ ಹಿಡಿದು ಮನೆಗೆ ಹೋಗುತ್ತಾರೆ, ನಿಜವಾದ ರೋಗಿ ಅವರ ನಡುವೆ ಒಬ್ಬರು. ಅದೂ ಆ ಒಬ್ಬರು ಸಿಕ್ಕರೆ. ಏಕೆಂದರೆ ಕಚ್ಚಿದ ಮೊದಲ ವಾರಗಳಲ್ಲಿ ದೇಹ ಇನ್ನೂ ಪ್ರತಿಕಾಯ ತಯಾರಿಸಿಯೇ ಇರುವುದಿಲ್ಲ, ನಿಜವಾದ ರೋಗಿಯ ಪರೀಕ್ಷೆಯೂ ‘ನೆಗೆಟಿವ್’ ಬರಬಹುದು. ಹಾಗಾಗಿ ಉಣ್ಣೆ ಕಿತ್ತ ಮರುದಿನ ಮಾಡಿಸುವ ಲೈಮ್ ಟೆಸ್ಟ್‌ಗೆ ಕೊಟ್ಟ ಹಣ ನೀರಿಗೆ ಹಾಕಿದ ಹಾಗೆಯೇ. ಇದನ್ನು ‘ಪ್ಯಾಕೇಜ್’ ಮಾಡಿ ಮಾರುವ ಚಾಳಿ ನಮ್ಮಲ್ಲಿ ಹಬ್ಬದಿರಲಿ.

ಈಗ ಜ್ವರದ ವಿಷಯ. 1957ರ ಮಾರ್ಚಿನಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜೊತೆಗೆ ಹಳ್ಳಿಯವರಿಗೆ ವಿಪರೀತ ಜ್ವರ. ಎರಡಕ್ಕೂ ನಂಟಿದೆ ಎಂದು ಮೊದಲು ಹೇಳಿದವರು ಅಲ್ಲಿನ ಜನರೇ. ಮಂಗ ಸತ್ತು ಮನುಷ್ಯರೂ ಸಾಯುತ್ತಿದ್ದಾರೆಂದರೆ ಭಾರತಕ್ಕೆ ಹಳದಿ ಜ್ವರ ಬಂದೇಬಿಟ್ಟಿತೆ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಪಿಡೊ ಬೆದರಿದರು. ಸಿಕ್ಕಿದ್ದು ರಷ್ಯಾದ ಉಣ್ಣೆ ಜ್ವರಗಳ ಸೋದರ ವೈರಸ್. ಸೈಬೀರಿಯಾದಿಂದ ಹಕ್ಕಿಗಳ ಮೈಮೇಲೆ ಬಂತೇನೋ ಎಂಬ ಅನುಮಾನದಲ್ಲಿ ಸಾಲಿಂ ಅಲಿಯವರೂ ವಲಸೆ ಹಕ್ಕಿಗಳ ಅಧ್ಯಯನಕ್ಕೆ ಇಳಿದರು. ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆ.

ಮಂಗನ ಕಾಯಿಲೆ ಎಂದು ಹೆಸರಾದ ಈ ಜ್ವರ ಮಲೆನಾಡಿನ ಪಾಡು, ನಮಗೇನು ಎಂದು ಮೈಸೂರಿನವರು ಬಹಳ ಕಾಲ ಅಂದುಕೊಂಡಿದ್ದರು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತವು. ಅವುಗಳನ್ನು ವಿಲೇವಾರಿ ಮಾಡುವ ಕೆಲಸಕ್ಕೆ ಹೋದವರಿಗೇ ಕಾಯಿಲೆ ತಗುಲಿತು. ಮರುವರ್ಷ ವಯನಾಡಿನಲ್ಲೂ ಕಾಣಿಸಿತು. ಬಂಡೀಪುರ ಮೈಸೂರಿನಿಂದ ಎರಡು ಗಂಟೆಯ ಹಾದಿ.

ಉಣ್ಣೆ ಕಚ್ಚಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ಹಣೆ ಸೀಳುವಂಥ ತಲೆನೋವು, ಏಳಲಾಗದ ಮೈಕೈನೋವು, ವಾಂತಿ. ಕೆಲವರಿಗೆ ವಸಡು, ಮೂಗು, ಕರುಳಿನಲ್ಲಿ ರಕ್ತಸ್ರಾವ. ಜ್ವರ ಇಳಿದು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಮರುಕಳಿಸಿ ಮಿದುಳಿಗೆ ಹೋಗುತ್ತದೆ. ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ. ವೈರಸ್ ಕೊಲ್ಲುವ ಔಷಧ ಇಲ್ಲ. ನೀರಿನಂಶ, ರಕ್ತದೊತ್ತಡ, ಪ್ಲೇಟ್‌ಲೆಟ್ ಕಾಯ್ದುಕೊಂಡು ದೇಹಕ್ಕೆ ಆಸರೆ ಕೊಡುವುದೇ ಚಿಕಿತ್ಸೆ. ಆದ್ದರಿಂದ ಬೇಗ ಆಸ್ಪತ್ರೆ ಸೇರಬೇಕು, ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಗಳನ್ನು ನಾವಾಗಿಯೇ ನುಂಗಬಾರದು. 1990ರಿಂದ ಕೊಡುತ್ತಿದ್ದ ಲಸಿಕೆ 2022ರಲ್ಲಿ ನಿಂತುಹೋಯಿತು. ಹೊಸದರ ಕೆಲಸ ನಡೆಯುತ್ತಿದೆ. ಮೊದಲು ಕ್ಯಾಸನೂರಿನಲ್ಲಿ ಗುರುತಿಸಿದ ಕಾಯಿಲೆಗೆ ಇಷ್ಟು ದಶಕಗಳ ಮೇಲೂ ನಮ್ಮ ಕೈಯಲ್ಲಿ ಗಟ್ಟಿ ಲಸಿಕೆ ಇಲ್ಲ ಎಂಬುದು ನನಗೆ ಸಂಕಟದ ಸಂಗತಿ.

ಇನ್ನೊಂದು ಗುಂಪು ರಿಕೆಟ್ಸಿಯಾ ಜ್ವರಗಳದು, ಬರ್ಗ್‌ಡಾರ್ಫರ್ ಹುಡುಕುತ್ತಿದ್ದ ಜೀವಿಯ ಬಳಗ. ನಾಯಿ ಉಣ್ಣೆಯಿಂದ ಬರುವ ಟಿಕ್ ಟೈಫಸ್‌ನಲ್ಲಿ ಅಂಗೈ ಅಂಗಾಲಿನಲ್ಲೂ ಗಂಧೆ ಏಳಬಹುದು. ಪೊದೆಯ ನುಸಿಮರಿಗಳಿಂದ ಬರುವ ಸ್ಕ್ರಬ್ ಟೈಫಸ್‌ನಲ್ಲಿ ಕಚ್ಚಿದ ಜಾಗ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೊಪ್ಪಳೆ ಆಗುತ್ತದೆ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಕೆಳಗೆ ಹುಡುಕಿದರೇ ಕಾಣುವುದು. ಡಾಕ್ಸಿಸೈಕ್ಲಿನ್ ಇಲ್ಲಿ ನಿಜವಾಗಿ ಜೀವ ಉಳಿಸುವ ಮಾತ್ರೆ, ಹೆಚ್ಚಿನವರಿಗೆ 48 ಗಂಟೆಯಲ್ಲಿ ಜ್ವರ ಇಳಿಯುತ್ತದೆ. ಡೆಂಗಿ, ಟೈಫಾಯ್ಡ್ ಎಂದು ದಿನ ಕಳೆಯುವ ಮುನ್ನ ವೈದ್ಯರಿಗೆ ‘ಇಂಥ ದಿನ, ಇಂಥ ಕಾಡಿನ ಬದಿ ಹೋಗಿದ್ದೆ, ಉಣ್ಣೆ ಕಚ್ಚಿತ್ತು’ ಎಂದು ನೀವಾಗಿಯೇ ಹೇಳಬೇಕು. ನಗರದ ಆಸ್ಪತ್ರೆಯ ನೂಕುನುಗ್ಗಲಲ್ಲಿ ಯಾರೂ ಕೇಳುವುದಿಲ್ಲ.

ಉಣ್ಣೆ ತೆಗೆಯುವ ಬಗೆ: ಅದರ ಮೂತಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ, ಸುತ್ತ ಅಂಟೂ ಸುರಿದಿರುತ್ತದೆ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಒತ್ತಿದಂತೆ ಮೂತಿಯ ಬುಡವನ್ನೇ ಹಿಡಿದು, ತಿರುಚದೆ, ನೆಟ್ಟಗೆ, ಒಂದೇ ಸಮನೆ ಎಳೆಯಬೇಕು. ಚರ್ಮ ಗುಡಾರದಂತೆ ಮೇಲೆದ್ದು, ಒಂದೆರಡು ಕ್ಷಣ ಬಿಟ್ಟು ಅದು ಕಳಚಿಕೊಳ್ಳುತ್ತದೆ. ಉಂಬಳಕ್ಕೆ ಹಚ್ಚುವ ಸುಣ್ಣ, ಹೊಗೆಸೊಪ್ಪು ಇದಕ್ಕೆ ಬೇಡ, ಸೀಮೆಎಣ್ಣೆ, ಊದುಬತ್ತಿಯ ಕಿಡಿ ಬೇಡವೇ ಬೇಡ. ಹೊಟ್ಟೆ ಹಿಸುಕಿದರೂ, ಕೆರಳಿಸಿದರೂ ಅದರೊಳಗಿನದು ಗಾಯಕ್ಕೆ ಬರುವ ಅಪಾಯವಿದೆ. ಬೆರಳಲ್ಲಿ ಹೊಸಕಬೇಡಿ. ಮೂತಿಯ ಚೂರು ಉಳಿದರೆ ಕೆದಕಬೇಡಿ, ತಾನೇ ಉದುರುತ್ತದೆ. ಸೋಪು ಹಾಕಿ ತೊಳೆದು, ತಾರೀಖು ಬರೆದಿಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ.

ಮೈಸೂರಿನಲ್ಲಿ ನಿಜವಾದ ಲೈಮ್ ನೋಡಬೇಕಾದ ವೈದ್ಯರು ಯಾರ ಕಡೆ ಕಣ್ಣಿಡಬೇಕು ಎಂದರೆ, ನಾನು ವಿಮಾನದಲ್ಲಿ ಬಂದವರತ್ತ ಬೆರಳು ತೋರುತ್ತೇನೆ. ಕುವೆಂಪುನಗರ, ಗೋಕುಲಂನಿಂದ ಎಷ್ಟೋ ತಂದೆತಾಯಿಯರು ಬೇಸಿಗೆಗೆ ನ್ಯೂಜೆರ್ಸಿ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್‌ನ ಮಕ್ಕಳ ಮನೆಗೆ ಹೋಗುತ್ತಾರೆ. ಅಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಒಂದೆರಡು ಮಿಲಿಮೀಟರಿನ ಉಣ್ಣೆಮರಿಗಳ ಕಾಲ. ಹಿತ್ತಲ ಗಿಡಕ್ಕೆ ನೀರು ಹಾಕುವಾಗ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಕಚ್ಚಿದ 3ರಿಂದ 30 ದಿನದಲ್ಲಿ ಉಂಗುರ ಏಳುತ್ತದೆ. ಅಷ್ಟರಲ್ಲಿ ಅವರು ಮೈಸೂರಿಗೆ ವಾಪಸಾಗಿರಬಹುದು, ಇಲ್ಲಿ ಅದನ್ನು ಹುಳುಕಡ್ಡಿ ಎಂದು ಮುಲಾಮು ಬರೆದುಕೊಡುವುದು ಸುಲಭ. ಹುಳುಕಡ್ಡಿ ತುರಿಸುತ್ತದೆ, ಅಂಚು ಉಬ್ಬಿ ಹೊಟ್ಟೇಳುತ್ತದೆ, ನಿಧಾನವಾಗಿ ಹರಡುತ್ತದೆ. ಲೈಮ್ ಉಂಗುರ ಚಪ್ಪಟೆ, ಹೆಚ್ಚು ತುರಿಕೆಯಿಲ್ಲ, 5 ಸೆಂಟಿಮೀಟರ್ ದಾಟಿ ಅಗಲವಾಗುತ್ತಲೇ ಹೋಗುತ್ತದೆ. ನಡುವೆ ಬಿಳಿಚಿ ಗುರಿಹಲಗೆಯಂತೆ ಕಾಣಲೇಬೇಕೆಂದಿಲ್ಲ, ಬರೀ ಕೆಂಪಾಗಿಯೂ ಇರಬಹುದು. ಕಚ್ಚಿದ ಒಂದೆರಡು ದಿನದಲ್ಲೇ ಏಳುವ ಸಣ್ಣ ಕೆಂಪು ಬರೀ ಅಲರ್ಜಿ. ಅನುಮಾನವಿದ್ದರೆ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು, ಎರಡು ದಿನ ಬಿಟ್ಟು ಗೆರೆ ದಾಟಿದೆಯೇ ನೋಡಬಹುದು.

ಅಂಥ ಉಂಗುರವಿದ್ದು, ಅಂಥ ಊರಿಂದ ಬಂದಿದ್ದರೆ ರಕ್ತಪರೀಕ್ಷೆಗೆ ಕಾಯದೆ ವೈದ್ಯರು ಚಿಕಿತ್ಸೆ ಶುರುಮಾಡುತ್ತಾರೆ: ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, 10 ದಿನ. ಅದು ಒಗ್ಗದವರಿಗೆ ಅಮಾಕ್ಸಿಸಿಲಿನ್ 14 ದಿನ. ಮಗ ಹೇಳಿದ ಮುನ್ನೆಚ್ಚರಿಕೆಯ ಮಾತ್ರೆಯೂ, ಒಂದೇ ಸಲ 200 ಮಿಲಿಗ್ರಾಂ, ಇಂಥ ಊರಿನದೇ. ಅಲ್ಲಿನ ಇಕ್ಸೋಡಿಸ್ ಉಣ್ಣೆ 36 ಗಂಟೆಯಾದರೂ ಕಚ್ಚಿಕೊಂಡಿದ್ದು, ಕಿತ್ತು 72 ಗಂಟೆ ದಾಟಿರದಿದ್ದರೆ ಮಾತ್ರ. ಉಂಗುರ ಯಾರ ಕಣ್ಣಿಗೂ ಬೀಳದೆ ತಿಂಗಳುಗಳ ಮೇಲೆ ಒಂದು ಬದಿಯ ಮುಖ ಸೊಟ್ಟಗಾಗಿ, ಇಲ್ಲವೇ ಒಂದು ಮಂಡಿ ನೋವಿಗಿಂತ ಊತವೇ ಹೆಚ್ಚಾಗಿ ದಪ್ಪಗಾಗಿ ಬಂದರೆ, ಆಗ ರಕ್ತಪರೀಕ್ಷೆಗೆ ಅರ್ಥವಿದೆ. ಪ್ರತಿಕಾಯಗಳು ಅಷ್ಟು ಹೊತ್ತಿಗೆ ಚೆನ್ನಾಗಿ ಬೆಳೆದಿರುತ್ತವೆ. ಮಂಡಿಗೆ 28 ದಿನದ ಮಾತ್ರೆ ಸಾಮಾನ್ಯವಾಗಿ ಸಾಕು. ಆಮೇಲೂ ಉಳಿಯುವ ಆಯಾಸ, ಮೈನೋವು ನಿಜವಾದ ಕಷ್ಟವೇ, ಆದರೆ ಅದಕ್ಕೆ ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ರೋಗಿಗಳಿಗೆ ಉಳಿಯುವಂಥ ಲಾಭವೇನೂ ಆಗಲಿಲ್ಲ.