ಜೇಬಿನಲ್ಲೇ ಒತ್ತಿಹೋದ ಬಟನ್

ಚೌತಿ ರಜೆಗೆ ನಾವು ಮೂರು ಜನ ರೂಮ್‌ಮೇಟ್ ಮನೆಗೆ ಹೋಗಿದ್ವಿ. ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ರಾತ್ರಿ ಪೇಟೆಯಿಂದ ಅವನೇ ಕಾರು ಓಡಿಸಿಕೊಂಡು ಬಂದ. ಅಂಗಳದಲ್ಲಿ ನಿಲ್ಲಿಸಿ, ಲಾಕ್ ಮಾಡಿ, ಕೀ ಜೇಬಿಗೆ ಹಾಕಿಕೊಂಡ. ಎಲ್ಲರೂ ಜಗಲಿ ಮೇಲೆ ಕೂತು ಹನ್ನೊಂದರ ತನಕ ಹರಟೆ ಹೊಡೆದ್ವಿ.

ಬೆಳಿಗ್ಗೆ ನೋಡಿದ್ರೆ ಕಾರಿನ ನಾಲ್ಕೂ ಗ್ಲಾಸ್ ಕೆಳಗಿವೆ. ರಾತ್ರಿಯಿಡೀ ಮಳೆ ಬೇರೆ. ಹಿಂದಿನ ಸೀಟಿನಲ್ಲಿ ಸೊಸೈಟಿಗೆ ಒಯ್ಯೋಕೆ ಇಟ್ಟಿದ್ದ ಒಂದು ಚೀಲ ಅಡಿಕೆ ಅರ್ಧ ನೆಂದಿತ್ತು. ಬಿಸಿಲಿಲ್ಲದ ಕಾಲದಲ್ಲಿ ನೆಂದ ಅಡಿಕೆ ಅಂದ್ರೆ ಬೂಸ್ಟು ಹಿಡಿದು ರೇಟ್ ಬಿದ್ದ ಹಾಗೇ. "ಗ್ಲಾಸ್ ಏರಿಸಿ ಬರಬೇಕು ಅಂತ ಗೊತ್ತಾಗಲ್ವೇನೋ?" ಅಂತ ಅಂಕಲ್ ಮಗನಿಗೆ ನಮ್ಮೆದುರೇ ಬೈದರು. ಅವನು ಏರಿಸಿದ್ದೆ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. ಯಾಕಂದ್ರೆ ಬಾಗಿಲುಗಳು ಲಾಕ್ ಆಗೇ ಇದ್ವು. ಲಾಕ್ ಆದ ಕಾರಿನ ಗ್ಲಾಸ್ ತಾನಾಗೇ ಇಳಿಯುತ್ತಾ? ನಿಜ ಹೇಳಬೇಕಂದ್ರೆ ನಾವೂ ಅವನನ್ನ ನಂಬಲಿಲ್ಲ. ಈ ಲೇಖನ ಅದಕ್ಕೆ.

ಹಾಸ್ಟೆಲ್‌ಗೆ ಬಂದ ಮೇಲೆ ನೋಡಿದ್ರೆ ಕಾರಿನ ಕೀ ಅವನ ಜೀನ್ಸ್ ಜೇಬಿನಲ್ಲೇ ಉಳಿದಿತ್ತು. ಅಂಕಲ್ ಹತ್ರ ಇನ್ನೊಂದು ಕೀ ಇದ್ದಿದ್ದರಿಂದ ತೊಂದರೆ ಆಗಲಿಲ್ಲ. ಆದ್ರೆ ಕೀ ಕೈಗೆ ಸಿಕ್ಕಿದ ಮೇಲೆ ಕುತೂಹಲ ಶುರುವಾಯ್ತು.

ಕೀ ಒಳಗಡೆ ಇರೋದು ಒಂದು ಸಣ್ಣ ಬೋರ್ಡ್, ಒತ್ತುವ ಸ್ವಿಚ್‌ಗಳು, 3 ವೋಲ್ಟಿನ ನಾಣ್ಯದಂಥ ಸೆಲ್. ಈ ಸ್ವಿಚ್‌ಗಳು ನಾವು ಲ್ಯಾಬಿನಲ್ಲಿ ಬ್ರೆಡ್‌ಬೋರ್ಡಿಗೆ ಚುಚ್ಚುವಂಥವೇ. 160ರಿಂದ 260 ಗ್ರಾಂ ತೂಕ ಇಟ್ಟಷ್ಟು ಬಲ ಬಿದ್ರೆ ಒತ್ತಿಹೋಗುತ್ತವೆ. ಟೈಟ್ ಜೀನ್ಸ್‌ನಲ್ಲಿ ಮೊಬೈಲ್ ಜೊತೆ ಕೀ ಇಟ್ಟುಕೊಂಡು ಮೆಟ್ಟಿಲ ಮೇಲೆ ಕಾಲು ಮಡಿಸಿ ಕೂತ್ರೆ ಇದಕ್ಕಿಂತ ಜಾಸ್ತಿ ಬಲ ಬೀಳುತ್ತೆ. ಬಟನ್ ಒತ್ತಿದ ತಕ್ಷಣ ನಿದ್ದೆಯಲ್ಲಿದ್ದ ಚಿಪ್ ಎದ್ದು ರೇಡಿಯೋ ಸಿಗ್ನಲ್ ಕಳಿಸುತ್ತೆ. ನಮ್ಮಲ್ಲಿ ಸಾಮಾನ್ಯವಾಗಿ ಅದು 433.92 ಮೆಗಾಹರ್ಟ್ಸ್. ಬಟ್ಟೆ ಏನು, ಮನೆ ಗೋಡೆಯನ್ನೂ ದಾಟುವ ಸಿಗ್ನಲ್ ಅದು. ಜಗಲಿಯಿಂದ ಅಂಗಳಕ್ಕೆ ಮುಟ್ಟೋದು ಯಾವ ಲೆಕ್ಕ?

ಈಗ ಗ್ಲಾಸ್ ವಿಷಯ. ಎಷ್ಟೋ ಕಾರುಗಳಲ್ಲಿ ಅನ್‌ಲಾಕ್ ಬಟನ್ನನ್ನ ಎರಡು-ಮೂರು ಸೆಕೆಂಡ್ ಒತ್ತಿ ಹಿಡಿದ್ರೆ ಎಲ್ಲಾ ಗ್ಲಾಸ್ ಇಳಿಯುತ್ತವೆ. ಬಿಸಿಲಲ್ಲಿ ನಿಂತ ಕಾರಿನ ಬಿಸಿಗಾಳಿ ಹೊರಗೆ ಹೋಗಲಿ ಅಂತ ಕೊಟ್ಟ ಅನುಕೂಲ ಅದು. ಹಾಗೇ, ಅನ್‌ಲಾಕ್ ಆದ ಮೇಲೆ ಸುಮಾರು 30 ಸೆಕೆಂಡ್ ಯಾರೂ ಬಾಗಿಲು ತೆಗೆಯದಿದ್ರೆ ಎಷ್ಟೋ ಕಾರುಗಳು ತಾವಾಗೇ ಮತ್ತೆ ಲಾಕ್ ಆಗುತ್ತವೆ. ಆದ್ರೆ ಲಾಕ್ ಆದ ಮಾತ್ರಕ್ಕೆ ಇಳಿದ ಗ್ಲಾಸ್ ಏರಲ್ಲ. ಎರಡನ್ನೂ ಸೇರಿಸಿ ನೋಡಿ: ಬಾಗಿಲು ಲಾಕ್, ಗ್ಲಾಸ್ ಕೆಳಗೆ. ನಾವು ಬೆಳಿಗ್ಗೆ ನೋಡಿದ್ದು ಇದನ್ನೇ.

ದಸರಾಕ್ಕೆ ಮತ್ತೆ ಊರಿಗೆ ಹೋದಾಗ ಕೀ ತಗೊಂಡು ಹೋದ್ವಿ. ಒಂದು ಸಲ ಒತ್ತಿದ್ರೆ ಕಾರು ಸುಮ್ಮನಿತ್ತು. ಇನ್ನೊಂದು ಸಲ ಒತ್ತಿದ್ರೆ ತೆಗೀತು. "ಸೆಲ್ ಹೋಗಿದೆ" ಅಂದ್ರು ಅಂಕಲ್. ಸೆಲ್ ವೀಕ್ ಆದ್ರೂ ಹೀಗಾಗಬಹುದು. ಆದ್ರೆ ಇಲ್ಲಿ ಇನ್ನೊಂದು ಕಾರಣ ಇರೋದಕ್ಕೇ ಸಾಧ್ಯತೆ ಜಾಸ್ತಿ ಅನ್ನಿಸಿತು.

ಕೀ ಪ್ರತಿಸಲ ಒಂದೇ ಕೋಡ್ ಕಳಿಸಿದ್ರೆ ಕಳ್ಳ ಅದನ್ನ ರೆಕಾರ್ಡ್ ಮಾಡಿಕೊಂಡು ಆಮೇಲೆ ಪ್ಲೇ ಮಾಡಿ ಕಾರು ತೆಗೆದುಬಿಡ್ತಾನೆ. ಅದಕ್ಕೇ ಬಂದಿದ್ದು ರೋಲಿಂಗ್ ಕೋಡ್. ಒತ್ತಿದಾಗಲೆಲ್ಲ ಕೋಡ್ ಬದಲಾಗುತ್ತೆ. ಇದರಲ್ಲಿ ತುಂಬಾ ಹೆಸರಾದದ್ದು ಕೀಲಾಕ್. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ್ದು, 1995ರಲ್ಲಿ ಮೈಕ್ರೋಚಿಪ್ ಕಂಪನಿ ಕೊಂಡುಕೊಂಡಿತು. ಅದರ ಎಚ್‌ಸಿಎಸ್300 ಚಿಪ್ ಒಂದು ಸಲಕ್ಕೆ 66 ಬಿಟ್ ಕಳಿಸುತ್ತೆ. 28 ಬಿಟ್ ಕೀಯ ಸೀರಿಯಲ್ ನಂಬರ್, 4 ಬಿಟ್ ಯಾವ ಬಟನ್ ಅನ್ನೋದು, 2 ಬಿಟ್ ಸ್ಟೇಟಸ್. ಉಳಿದ 32 ಬಿಟ್ ಗುಪ್ತಲಿಪಿಯಲ್ಲಿರುತ್ತೆ, ಅದರೊಳಗೇ 16 ಬಿಟ್‌ನ ಕೌಂಟರ್ ಇರೋದು.

ಬ್ಯಾಂಕಿನ ಟೋಕನ್ ಥರ ಅಂದುಕೊಳ್ಳಿ. ಪ್ರತಿ ಒತ್ತಿಗೂ ಕೀ ಕೌಂಟರ್ ಒಂದು ಹೆಚ್ಚಾಗುತ್ತೆ. ಕಾರು ತಾನು ಕೇಳಿದ ಕೊನೆಯ ನಂಬರನ್ನ ನೆನಪಿಟ್ಟುಕೊಳ್ಳುತ್ತೆ. ಆ ನಂಬರ್ ಅಥವಾ ಅದಕ್ಕಿಂತ ಹಳೇದು ಬಂದ್ರೆ ಕಿವಿಗೇ ಹಾಕಿಕೊಳ್ಳಲ್ಲ.

ಹಾಗಾದ್ರೆ ಹಾಸ್ಟೆಲ್‌ನಲ್ಲಿ, ಕಾರಿಗೆ ಕೇಳಿಸದಷ್ಟು ದೂರದಲ್ಲಿ ಒತ್ತಿಹೋದವು? ಕೀ ಮುಂದೆ ಹೋಯ್ತು, ಕಾರು ಅಲ್ಲೇ ಉಳೀತು. ಇದು ಆಗೇ ಆಗುತ್ತೆ ಅಂತ ಡಿಸೈನ್ ಮಾಡಿದವರಿಗೂ ಗೊತ್ತಿತ್ತು. ಅದಕ್ಕೇ ಮೂರು ಪಟ್ಟಿ ಇಟ್ಟಿದ್ದಾರೆ. ಕೀಲಾಕ್‌ನ ಸಾಮಾನ್ಯ ಲೆಕ್ಕ ಹೀಗಿದೆ: ಅಂತರ 16ರ ಒಳಗಿದ್ರೆ ಒಂದೇ ಒತ್ತಿಗೆ ತೆಗೆಯುತ್ತೆ. ಅದಕ್ಕಿಂತ ಜಾಸ್ತಿ, ಆದ್ರೆ ಸುಮಾರು 32,000ದ ಒಳಗಿದ್ರೆ ಸಾಲಾಗಿ ಎರಡು ಕೋಡ್ ಕೇಳಿದ ಮೇಲೆ ನಂಬುತ್ತೆ. ಅದನ್ನೂ ಮೀರಿದ್ರೆ ಹಳೇ ಕೋಡ್ ಅಂತ ತಳ್ಳಿಹಾಕುತ್ತೆ. ಸಂಖ್ಯೆಗಳು ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು, ತತ್ವ ಇದೇ. ಎರಡನೇ ಒತ್ತಿಗೆ ತೆಗೆದ ನಮ್ಮ ಕೀ ಎರಡನೇ ಪಟ್ಟಿಯಲ್ಲಿತ್ತು ಅನ್ನೋದು ನಮ್ಮ ಲೆಕ್ಕ. ಅಂಕಲ್ ಕೀಗೆ ಏನೂ ಆಗಲಿಲ್ಲ, ಯಾಕಂದ್ರೆ ಪ್ರತಿ ಕೀಗೂ ಕಾರು ಬೇರೆ ಬೇರೆ ಲೆಕ್ಕ ಇಡುತ್ತೆ.

ಜೇಬಿನಲ್ಲಿ ದಿನಕ್ಕೆ 50 ಸಲ ಒತ್ತಿಹೋದ್ರೂ 32,000 ಮುಟ್ಟೋಕೆ ಸುಮಾರು 640 ದಿನ ಬೇಕು. ಮಧ್ಯೆ ಒಂದು ಸಲ ಕಾರು ತೆಗೆದ್ರೆ ಲೆಕ್ಕ ಮತ್ತೆ ಸೊನ್ನೆಯಿಂದ. ಅಂದ್ರೆ ದೂರದಲ್ಲಿ ಒತ್ತಿಹೋದದ್ದಕ್ಕೆ ಹೆದರಬೇಕಿಲ್ಲ. ತೊಂದರೆ ಇರೋದು ಹತ್ತಿರದಲ್ಲಿ ಒತ್ತಿಹೋದಾಗ.

ದೂರದ್ದರಲ್ಲೂ ಒಂದು ಎಚ್ಚರಿಕೆ ಇದೆ. ಕಾರು ಇನ್ನೂ ಕೇಳದ ಕೋಡ್ ಅಂದ್ರೆ ಇನ್ನೂ ಬಳಸದ ಟೋಕನ್. ಅದನ್ನ ಯಾರಾದ್ರೂ ರೆಕಾರ್ಡ್ ಮಾಡಿಕೊಂಡಿದ್ರೆ ಬಳಸಬಹುದು. 2015ರಲ್ಲಿ ಸ್ಯಾಮಿ ಕಮ್ಕರ್ ತೋರಿಸಿದ ರೋಲ್‌ಜ್ಯಾಮ್ ಸಾಧನ ಇದೇ ಸಂದಿನಲ್ಲಿ ನುಗ್ಗಿತು: ಕಾರಿಗೆ ಕೇಳದ ಹಾಗೆ ಅಡ್ಡಿ ಮಾಡಿ, ಕೋಡ್ ತಾನು ಇಟ್ಟುಕೊಂಡಿತು. ಕಾರಿನ ಹತ್ರ ಬಂದು ಒಂದು ಸಲ ಲಾಕ್-ಅನ್‌ಲಾಕ್ ಮಾಡಿ, ಅದು ಸ್ಪಂದಿಸಿತು ಅಂದ್ರೆ ಜೇಬಿನಲ್ಲಿ ಮೊದಲು ಹೋದ ಕೋಡ್‌ಗಳೆಲ್ಲ ರದ್ದು.

ಇನ್ನು ಮಾಡಬೇಕಾದ್ದು. ಮೊದಲು ಓನರ್ಸ್ ಮ್ಯಾನುಯಲ್ ತೆಗೆದು ಗ್ಲಾಸ್ ಇಳಿಸುವ ಸೌಲಭ್ಯ ಇದೆಯಾ ನೋಡಿ. ಕೆಲವು ಕಾರುಗಳಲ್ಲಿ ಸೆಟ್ಟಿಂಗ್‌ನಲ್ಲೇ ಆಫ್ ಮಾಡಬಹುದು, ಕೆಲವಕ್ಕೆ ಸರ್ವೀಸ್ ಸೆಂಟರ್‌ಗೆ ಹೋಗಬೇಕು. ಕೀಯನ್ನ ಮೊಬೈಲ್, ಚಿಲ್ಲರೆ ಜೊತೆ ಒಂದೇ ಜೇಬಿಗೆ ಹಾಕಬೇಡಿ. ಬಟನ್ ಮುಚ್ಚುವ ಗಟ್ಟಿ ಕವರ್ ಹಾಕಿ. ಮೆತ್ತನೆ ಸಿಲಿಕಾನ್ ಕವರ್ ಬಟನ್ನನ್ನ ಕಾಪಾಡಲ್ಲ. ಮನೆಗೆ ಬಂದ ಮೇಲೆ ಜೇಬಿಂದ ತೆಗೆದು ಮೊಳೆಗೆ ನೇತುಹಾಕಿ. ಮೊದಲ ಸಲ ತೆಗೆಯದಿದ್ರೆ ಹತ್ತಿರ ನಿಂತು ಇನ್ನೆರಡು ಸಲ ಒತ್ತಿ. ದಿನಾ ಹಾಗೇ ಆದ್ರೆ ಸೆಲ್ ಬದಲಿಸಿ. ಪೂರ್ತಿ ಲೆಕ್ಕ ತಪ್ಪಿದ್ರೆ ಬಾಗಿಲಿಗೆ ಲೋಹದ ಕೀ ಇದ್ದೇ ಇದೆ, ಮತ್ತೆ ಹೊಂದಿಸುವ ಕ್ರಮ ಮ್ಯಾನುಯಲ್‌ನಲ್ಲಿ ನೋಡಿ. ಚಿಕ್ಕ ಮಕ್ಕಳಿಗೆ ಮಾತ್ರ ಆಟಕ್ಕೆ ಕೊಡಬೇಡಿ. ಆ ಸೆಲ್ ನುಂಗಿದ್ರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುತ್ತೆ, ತಕ್ಷಣ ಆಸ್ಪತ್ರೆಗೆ ಓಡಬೇಕು.

ದಸರಾ ದಿನ ಸಂಜೆ ರೂಮ್‌ಮೇಟ್ ಅದೇ ಜೀನ್ಸ್ ಹಾಕಿ, ಮೊಬೈಲ್-ಕೀ ಒಂದೇ ಜೇಬಿಗೆ ಹಾಕಿಕೊಂಡು ಜಗಲಿ ಮೆಟ್ಟಿಲ ಮೇಲೆ ಕೂತ. ಎದ್ದು ಕೂತು ಮಾಡಿ ನಾಲ್ಕನೇ ಸಲಕ್ಕೆ ಅಂಗಳದಲ್ಲಿ ಇಂಡಿಕೇಟರ್ ಮಿನುಗಿ ಗ್ಲಾಸ್‌ಗಳು ಕೆಳಗೆ ಜಾರಿದ್ವು. ಅಂಕಲ್ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಅವತ್ತು ಸುಮ್ಮನೆ ಬೈದೆ ಕಣೋ" ಅಂದು, ಅವನ ಕೈಯಿಂದ ಕೀ ತಗೊಂಡು ಕ್ಯಾಲೆಂಡರ್ ಪಕ್ಕದ ಮೊಳೆಗೆ ಹಾಕಿದ್ರು. ನಾವೂ ಸಾರಿ ಕೇಳಿದ್ವಿ.