ಗೋಡೆಯೊಳಗಿನ ತೇಪೆ

ಹಳೆಯ ಮನೆಯ ರಿಪೇರಿಗೆ ಕೈಹಾಕಿದವರ ಖರ್ಚಿನ ಪಟ್ಟಿಯಲ್ಲಿ ನೆಲದ ಟೈಲ್ಸು, ಅಡುಗೆಮನೆಯ ಗ್ರಾನೈಟು, ಬಚ್ಚಲಿನ ನಲ್ಲಿಗಳು ಮೇಲೆ ಕೂತಿರುತ್ತವೆ. ವೈರಿಂಗ್ ಬರುವುದು ಕೊನೆಯಲ್ಲಿ, ಅದೂ ‘ಬೇಕಾದ ಕಡೆ ಪಾಯಿಂಟ್ ಹಾಕಿಸುವುದು’ ಎಂಬ ಒಂದೇ ಸಾಲಿನಲ್ಲಿ. ಈ ಸಾಲನ್ನು ಬಿಡಿಸಿ ಓದಿದರೆ, ಹಳೆಯ ತಂತಿಯ ತುದಿಗೆ ಹೊಸ ತಂತಿ ಹೊಸೆದು, ಟೇಪು ಸುತ್ತಿ, ಮುಂದಕ್ಕೆ ಎಳೆಯುವುದು ಎಂದಾಗುತ್ತದೆ. ತುಂಬ ಹಳೆಯ ವೈರಿಂಗ್ ಅಪಾಯಕಾರಿ ಎನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ನನ್ನ ವಾದ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು: ಅರ್ಧ ಹಳೆಯದು ಅರ್ಧ ಹೊಸದಾದ ವೈರಿಂಗ್, ಮುಟ್ಟದೆ ಬಿಟ್ಟ ಹಳೆಯ ವೈರಿಂಗ್‌ಗಿಂತಲೂ ಕೆಟ್ಟದ್ದು. ಆದ್ದರಿಂದ ಗೋಡೆಗೆ ಹೇಗೂ ಸುತ್ತಿಗೆ ಬೀಳುವ ಕಾಲದಲ್ಲಿ ಮೀಟರಿನಿಂದ ಈಚೆಗಿನ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕುವುದೇ ಸರಿ.

ಮೊದಲು ಹಳೆಯ ಗೋಡೆಗಳ ಮೇಲೆ ಏನಿದೆ ನೋಡೋಣ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂದ ಮೇಲೆ, ಮೊದಮೊದಲಿನ ಮನೆಗಳಲ್ಲಿ ರಬ್ಬರು ಹೊದಿಸಿ ಹತ್ತಿನೂಲು ಹೆಣೆದ ತಂತಿಗಳನ್ನು ಮರದ ತೋಡಿನಲ್ಲಿ ಕೂರಿಸಿ ಮೇಲೆ ಪಟ್ಟಿ ಮುಚ್ಚುತ್ತಿದ್ದರು. ಆಮೇಲೆ ತೇಗದ ರೀಪರಿನ ಮೇಲೆ ತಗಡಿನ ಕ್ಲಿಪ್ಪು ಹೊಡೆದು ತಂತಿ ಓಡಿಸುವ ಬ್ಯಾಟನ್ ವೈರಿಂಗ್ ಬಂತು. ಮಲೆನಾಡಿನ ಹೆಂಚಿನ ಮನೆಗಳ ಅಟ್ಟದಲ್ಲಿ, ಮೈಸೂರಿನ ವಠಾರಗಳ ಜಗಲಿಯಲ್ಲಿ ಅದು ಇನ್ನೂ ಕಾಣಸಿಗುತ್ತದೆ. ತಾಮ್ರ ಆಮದಾಗಬೇಕಿದ್ದ, ಅಭಾವವೂ ಇದ್ದ ದಶಕಗಳಲ್ಲಿ ಅಲ್ಯೂಮಿನಿಯಂ ತಂತಿ ಮನೆಗಳೊಳಗೆ ನುಗ್ಗಿತು. ಇವೆಲ್ಲದರ ಕೊನೆಗೆ ಪಿಂಗಾಣಿಯ ಫ್ಯೂಸು, ಬೇಕಲೈಟಿನ ಕರಿ ಸ್ವಿಚ್ಚು. ಹೆಚ್ಚಿನ ಕಡೆ ಎರಡೇ ತಂತಿ, ಒಂದು ಫೇಸು ಇನ್ನೊಂದು ನ್ಯೂಟ್ರಲ್. ದೀಪದ ಸಾಲಿಗೆ ಅರ್ಥಿಂಗ್ ಎಳೆಯಬೇಕೆಂದು ಅಂದು ಯಾರಿಗೂ ತೋಚಲಿಲ್ಲ. ಆ ಕಾಲಕ್ಕೆ ಇದು ಕಳಪೆ ಕೆಲಸವೇನಲ್ಲ. ರೀಪರು ಗೋಡೆಯ ಮೂಲೆ ಹಿಡಿದು ನೂಲು ಹಿಡಿದಂತೆ ಸಾಗುವುದನ್ನು ಕಂಡರೆ, ಇಂದಿನ ಎಷ್ಟೋ ಕಾಂಡ್ಯೂಟ್ ಕೆಲಸಕ್ಕಿಂತ ಅಚ್ಚುಕಟ್ಟು ಎನಿಸುತ್ತದೆ.

ಆದರೆ ಆ ಕೆಲಸದ ಲೆಕ್ಕಾಚಾರ ಬೇರೆ ಬದುಕಿನದು. ಅರವತ್ತು ವಾಟಿನ ಆರು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋ ಎಲ್ಲ ಒಟ್ಟಿಗೆ ಓಡಿದರೂ 230 ವೋಲ್ಟಿನಲ್ಲಿ ಹರಿಯುತ್ತಿದ್ದುದು ಎರಡೂಕಾಲು ಆಂಪಿಯರಿನ ಆಸುಪಾಸು. ಇಂದು 2 ಕಿಲೋವಾಟಿನ ಗೀಸರೊಂದೇ 8.7 ಆಂಪಿಯರ್ ಎಳೆಯುತ್ತದೆ. ಇಂಡಕ್ಷನ್ ಒಲೆಯದೂ ಅಷ್ಟೇ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕರೆಂಟು ನಾಲ್ಕು ಪಟ್ಟಾದರೆ ಶಾಖ ಹದಿನಾರು ಪಟ್ಟು. ‘ಐವತ್ತು ವರ್ಷದಿಂದ ಏನೂ ಆಗಿಲ್ಲ’ ಎಂದು ಹಿರಿಯರು ಹೇಳುವುದು ನಿಜವೇ. ಆದರೆ ಆ ಐವತ್ತು ವರ್ಷದ ಸಾಕ್ಷಿ ಎರಡು ಆಂಪಿಯರಿನ ಮನೆಗೆ ಸಲ್ಲುತ್ತದೆ, ಇಪ್ಪತ್ತು ಆಂಪಿಯರಿನ ಮನೆಗಲ್ಲ. ‘ತಾಮ್ರಕ್ಕೆ ಮುಪ್ಪಿಲ್ಲ’ ಎನ್ನುವ ಇನ್ನೊಂದು ಮಾತೂ ಇದೇ ಜಾತಿಯದು. ತಾಮ್ರಕ್ಕೆ ಮುಪ್ಪಿಲ್ಲ, ಸರಿ. ಅದರ ಮೈಮೇಲಿನ ಅಂಗಿಗೆ ಇದೆ. ಹಳೆಯ ರಬ್ಬರು ಗಾಳಿ ಮತ್ತು ಶಾಖಕ್ಕೆ ಒಣಗಿ, ಬೆರಳಲ್ಲಿ ಬಾಗಿಸಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಬಲ್ಬಿನ ಹೋಲ್ಡರಿನ ಹಿಂದೆ ಅದು ಎಲ್ಲಕ್ಕಿಂತ ಮೊದಲು ಉದುರುತ್ತದೆ. ಈಗಿನ ಸಾಮಾನ್ಯ ಪಿವಿಸಿ ಹೊದಿಕೆಯೂ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಮಾತ್ರ ಮಾಡಿದ್ದು. ಬಹುಕಾಲ ಅದನ್ನು ಮೀರಿ ಕಾಯಿಸಿದರೆ ಅದೂ ಸೆಟೆದುಕೊಂಡು ಬಿರುಕು ಬಿಡುತ್ತದೆ.

ಹಾಗಾದರೆ ಕೆಟ್ಟಿರುವಷ್ಟನ್ನೇ ಬದಲಿಸಿದರೆ ಸಾಲದೆ? ತೇಪೆಯ ನಿಜವಾದ ಅಪಾಯ ಇರುವುದು ಇಲ್ಲೇ. ಎಲೆಕ್ಟ್ರಿಷಿಯನ್ನರು ‘ಒಂದು ಹದಿನೆಂಟು’ ಎನ್ನುವ ಹಳೆಯ ತಂತಿಯ ಅಡ್ಡಕೊಯ್ತ ಒಂದು ಚದರ ಮಿಲಿಮೀಟರಿಗಿಂತ ತುಸು ಹೆಚ್ಚು. ಅದು ತಾಳುವುದು ಹನ್ನೊಂದು ಹನ್ನೆರಡು ಆಂಪಿಯರ್. ಅದರ ಕಾವಲಿಗೆ 5 ಆಂಪಿಯರಿನ ಫ್ಯೂಸು ಇತ್ತು. ಮಿತಿ ಮೀರಿದರೆ ಫ್ಯೂಸಿನ ಎಳೆ ಮೊದಲು ಉರಿದುಹೋಗುತ್ತಿತ್ತು, ತಂತಿ ಉಳಿಯುತ್ತಿತ್ತು. ರಿಪೇರಿಯ ವೇಳೆ ಆ ಫ್ಯೂಸು ಕಿತ್ತು, ಹೊಳೆಯುವ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ 16 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, ಕೂರಿಸುತ್ತಾರೆ. ಅಡುಗೆಮನೆಗೆ ಹೊಸ ತಂತಿ, ಅದಕ್ಕೆ ತಕ್ಕ ಎಂಸಿಬಿ. ಎಲ್ಲ ಸರಿಯಾದಂತೆ ಕಾಣುತ್ತದೆ. ಆದರೆ ಬೋರ್ಡಿನಿಂದ ಅಡುಗೆಮನೆಯ ಬಾಗಿಲವರೆಗಿನ ಹತ್ತು ಅಡಿ ಹಾದಿ ಅದೇ ಹಳೆಯ ತಂತಿಯದು. 16 ಆಂಪಿಯರಿನ ಎಂಸಿಬಿ ತನ್ನ ಮಿತಿಗಿಂತ ಸ್ವಲ್ಪ ಹೆಚ್ಚಾದೊಡನೆ ಬೀಳುವುದಿಲ್ಲ. 20 ಆಂಪಿಯರ್ ಹರಿದರೆ ಬಹಳ ಹೊತ್ತು ಸುಮ್ಮನಿರಬಲ್ಲುದು. ಅಷ್ಟು ಹೊತ್ತೂ ಆ ಹತ್ತು ಅಡಿ ತಂತಿ ತಾನು ತಾಳಬಲ್ಲುದರ ಸುಮಾರು ಮೂರು ಪಟ್ಟು ಶಾಖದಲ್ಲಿ ಬೇಯುತ್ತಿರುತ್ತದೆ, ಹೊಸ ಗಾರೆಯ ಹಿಂದೆ, ಹೊಸ ಬಣ್ಣದ ಕೆಳಗೆ. ಕಾವಲುಗಾರನನ್ನು ಬದಲಿಸಿ, ಅವನು ಯಾರನ್ನು ಕಾಯಬೇಕೋ ಅವನನ್ನು ಹಾಗೇ ಬಿಟ್ಟರೆ ಆಗುವುದು ಇದು. ಹಳೆಯ ಅಲ್ಯೂಮಿನಿಯಂಗೆ ಹೊಸ ತಾಮ್ರ ಹೊಸೆದಿದ್ದರಂತೂ ಕೇಳುವುದೇ ಬೇಡ. ಎರಡು ಲೋಹಗಳೂ ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ, ತೇವ ಸಿಕ್ಕರೆ ಒಂದು ಇನ್ನೊಂದನ್ನು ತಿನ್ನುತ್ತದೆ, ಅಲ್ಯೂಮಿನಿಯಂ ಮೈಮೇಲೆ ಕರೆಂಟು ಹರಿಯಗೊಡದ ಪದರ ಬೆಳೆಯುತ್ತದೆ. ಜೋಡಣೆ ಸಡಿಲವಾಗುತ್ತದೆ, ಸಡಿಲವಾದದ್ದು ಕಾಯುತ್ತದೆ, ಕಾದದ್ದು ಇನ್ನಷ್ಟು ಸಡಿಲವಾಗುತ್ತದೆ.

ತೇಪೆಯ ಇನ್ನೊಂದು ಮೋಸ ಮೂರು ಪಿನ್ನಿನ ಸಾಕೆಟ್ಟಿನದು. ಎರಡೇ ತಂತಿಯ ಗೋಡೆಗೆ ಮೂರು ತೂತಿನ ಸಾಕೆಟ್ ಹಾಕಿದರೆ ಮೇಲಿನ ದಪ್ಪ ತೂತಿಗೆ ಹಿಂದೆ ಏನೂ ಇರುವುದಿಲ್ಲ. ಕೆಲವರು ಅದನ್ನು ಒಳಗೇ ನ್ಯೂಟ್ರಲ್‌ಗೆ ಜೋಡಿಸಿ ‘ಅರ್ಥ್ ಕೊಟ್ಟಿದೆ’ ಎನ್ನುತ್ತಾರೆ. ಹಿಂದೆಲ್ಲೋ ನ್ಯೂಟ್ರಲ್ ಕಳಚಿದ ದಿನ, ಅಥವಾ ಹಳೆಯ ಪದ್ಧತಿಯಂತೆ ನ್ಯೂಟ್ರಲ್‌ಗೂ ಹಾಕಿದ್ದ ಫ್ಯೂಸು ಹೋದ ದಿನ, ವಾಷಿಂಗ್ ಮೆಷಿನ್ನಿನ ತಗಡಿನ ಮೈ ಪೂರ್ತಿ 230 ವೋಲ್ಟಿಗೆ ಏರುತ್ತದೆ. ಎರಡು ಪಿನ್ನಿನ ಹಳೆಯ ಸಾಕೆಟ್ಟು ಕನಿಷ್ಠ ತನ್ನ ಕೊರತೆಯನ್ನು ಮುಚ್ಚಿಡುತ್ತಿರಲಿಲ್ಲ.

‘ಎಂಸಿಬಿ ಹಾಕಿಸಿದ್ದೇವೆ, ಅರ್ಥಿಂಗ್ ಗುಂಡಿ ತೋಡಿಸಿದ್ದೇವೆ, ಇನ್ನೇನು?’ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಉಪ್ಪು ಇದ್ದಿಲು ತುಂಬಿದ ಗುಂಡಿಯೊಳಗಿನ ಕೊಳವೆ, ಬೇಸಿಗೆಯಲ್ಲಿ ಮಣ್ಣು ಒಣಗಿದಾಗ, ಭೂಮಿಗೆ 20 ಓಮ್ ತಡೆ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಗೀಸರಿನ ಮೈಗೆ ಫೇಸು ತಾಗಿದರೆ ನೆಲಕ್ಕೆ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಇದು ಮಾಮೂಲಿ ಗೀಸರಿನ ಕರೆಂಟಿನಂತೆಯೇ. ಅದು ಬೀಳುವುದೇ ಇಲ್ಲ. ಬೀಳುವುದು ಆರ್‌ಸಿಸಿಬಿ ಎಂಬ ಇನ್ನೊಂದು ಉಪಕರಣ. ಅದು ಹೋದ ಕರೆಂಟನ್ನೂ ಮರಳಿದ ಕರೆಂಟನ್ನೂ ತೂಗಿ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರಿಗೆ ಬರುವಷ್ಟರಲ್ಲಿ ಕ್ಷಣಾರ್ಧದಲ್ಲಿ ಮನೆಯ ಕರೆಂಟು ಕಡಿಯುತ್ತದೆ. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ದೇಶದಲ್ಲಿ ವಿದ್ಯುತ್ ತಗುಲಿ ಸಾಯುವವರ ಸಂಖ್ಯೆ ಈಚಿನ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ದಾಟಿದೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಅಂಶಗಳು ಹೇಳುತ್ತವೆ. ಹೊಲದ ಪಂಪು, ಬೀದಿಯ ತಂತಿಗೆ ಬಲಿಯಾದವರೂ ಅದರಲ್ಲಿ ಸೇರಿದ್ದಾರೆ, ನಿಜ. ಆದರೆ ಬಚ್ಚಲುಮನೆಯ ಸಾವುಗಳನ್ನು ತಡೆಯುವ ಉಪಕರಣ ಅಂಗಡಿಯಲ್ಲೇ ಸಿಗುತ್ತಿದೆ. ವಿಚಿತ್ರವೆಂದರೆ ಅದನ್ನೇ ಹಳೆಯ ವೈರಿಂಗ್‌ಗೆ ಜೋಡಿಸಿದರೆ ನಿಲ್ಲುವುದಿಲ್ಲ. ಹೊದಿಕೆ ಉದುರಿದ ತಂತಿಗಳು ತೇವದ ಗೋಡೆಗೆ ಸೋರುತ್ತಿರುತ್ತವೆ, ಎರಡು ಕೋಣೆಗಳ ನ್ಯೂಟ್ರಲ್ ಎಲ್ಲೋ ಕೂಡಿಕೊಂಡಿರುತ್ತದೆ; ಮೊದಲ ಮಳೆಗೇ ಅದು ದಿನಕ್ಕೆ ನಾಲ್ಕು ಸಲ ಬೀಳತೊಡಗುತ್ತದೆ. ಮನೆಯವರು ಬೇಸತ್ತು ‘ಅದು ಸರಿಯಿಲ್ಲ, ತೆಗೆದುಬಿಡಿ’ ಎನ್ನುತ್ತಾರೆ, ಎಲೆಕ್ಟ್ರಿಷಿಯನ್ ತೆಗೆದುಬಿಡುತ್ತಾನೆ. ಸುಳ್ಳು ಹೇಳುತ್ತಿದ್ದುದು ಉಪಕರಣವಲ್ಲ.

ಗಟ್ಟಿಯಾದ ಆಕ್ಷೇಪ ಒಂದಿದೆ, ಅದು ಗೋಡೆಯದು. ಮಣ್ಣಿನ ಗೋಡೆ, ಸುಣ್ಣದ ಗಾರೆ, ಮದ್ರಾಸ್ ತಾರಸಿಯ ಮನೆಗೆ ಕಟ್ಟರ್ ಹಿಡಿದು ಗ್ರೂವ್ ಹೊಡೆಯುತ್ತ ಹೋದರೆ ಮನೆಯೇ ಕುಸಿಯಬಹುದು, ತೊಟ್ಟಿಮನೆಯ ಚೆಲುವಂತೂ ಹೋಗಿಯೇ ಹೋಗುತ್ತದೆ. ಈ ಮಾತಿನಲ್ಲಿ ಪೂರ್ತಿ ಸತ್ಯವಿದೆ. ಆದರೆ ಅದು ಹೇಳುವುದು ಗೋಡೆ ಕೊರೆಯಬೇಡಿ ಎಂದಷ್ಟೆ. ತಂತಿ ಬದಲಿಸಬೇಡಿ ಎಂದಲ್ಲ. ಗೋಡೆಯ ಮೇಲೆಯೇ ಕೊಳವೆ ಓಡಿಸುವುದಕ್ಕೆ, ಪಟ್ಟಿಯೊಳಗೆ ತಂತಿ ಹಾಯಿಸುವುದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ. ಹಳೆಯ ತೇಗದ ರೀಪರು ಗಟ್ಟಿಯಿದ್ದರೆ ಅದೇ ಹಾದಿಯಲ್ಲಿ ಹೊಸ ತಂತಿ ಸಾಗಬಹುದು. ಖರ್ಚಿನ ಮಾತಿಗೂ ಉತ್ತರ ಇಲ್ಲೇ ಇದೆ. ವೈರಿಂಗಿನಲ್ಲಿ ದುಬಾರಿಯಾಗುವುದು ಎಷ್ಟೋ ಸಲ ತಂತಿಯಲ್ಲ; ಗೋಡೆ ಒಡೆದು, ಮತ್ತೆ ಮುಚ್ಚಿ, ಪುಟ್ಟಿ ಬಳಿದು, ಬಣ್ಣ ಹೊಡೆಯುವುದು. ರಿಪೇರಿಯ ಸಮಯದಲ್ಲಿ ಅದಷ್ಟೂ ಹೇಗೂ ನಡೆಯುತ್ತಿರುತ್ತದೆ. ಎರಡು ವರ್ಷ ಬಿಟ್ಟು ಮಾಡಿಸಿದರೆ ಅದೇ ಗಾರೆಗೆ ಎರಡನೇ ಸಲ ಕೂಲಿ ಕೊಡಬೇಕು.

ಎಲ್ಲ ಹಳೆಯ ಮನೆಗೂ ಒಂದೇ ತೀರ್ಪು ಎಂದರೆ ಅದೂ ಮೂಢತನವೇ. ಕಾಂಡ್ಯೂಟ್ ಕೊಳವೆಯೊಳಗೆ ತಾಮ್ರದ ಪಿವಿಸಿ ತಂತಿ ಹಾಕಿದ ಇಪ್ಪತ್ತು ಇಪ್ಪತ್ತೈದು ವರ್ಷದ ಮನೆಯಲ್ಲಿ ಮೊದಲು ಪರೀಕ್ಷೆ, ಆಮೇಲೆ ತೀರ್ಮಾನ. ಎಲ್ಲ ಉಪಕರಣ ಬಿಚ್ಚಿ, 500 ವೋಲ್ಟಿನ ಮೆಗ್ಗರಿನಿಂದ ತಂತಿಗೂ ಅರ್ಥಿಂಗ್‌ಗೂ ನಡುವಿನ ತಡೆ ಅಳೆಯುವುದು ಅರ್ಧ ದಿನದ ಕೆಲಸ. ಅದು ಒಂದು ಮೆಗಾಓಮ್ ಕೂಡ ತೋರಿಸದಿದ್ದರೆ ಚರ್ಚೆ ಮುಗಿಯಿತು. ಚೆನ್ನಾಗಿ ತೋರಿಸಿದರೂ ಗೀಸರಿಗೆ, ಒಲೆಗೆ, ಎಸಿಗೆ ಬೋರ್ಡಿನಿಂದಲೇ ಪ್ರತ್ಯೇಕ ಸಾಲು ಎಳೆಯಬೇಕು: ಸಾಕೆಟ್ಟುಗಳಿಗೆ 2.5, ಎಸಿಗೆ 4 ಚದರ ಮಿಲಿಮೀಟರಿನ ತಂತಿ. ಹಾಗೆ ಎಳೆದ ಸಾಲಿಗೆ ನಡುವೆ ಎಲ್ಲೂ ಹಳೆಯ ತಂತಿಯ ಗಂಟು ಇರಬಾರದು. ಅದಿದ್ದರೆ ಮತ್ತೆ ತೇಪೆಯೇ.

ಕೀಳುವ ಕೆಲಸ ಹಾಕುವುದಕ್ಕಿಂತ ಅಪಾಯದ್ದು ಎಂಬುದನ್ನು ಮರೆಯುವಂತಿಲ್ಲ. ನಮ್ಮ ಊರುಗಳಲ್ಲಿ ಮೇನ್‌ಸ್ವಿಚ್ ಇಳಿಸಿದರೆ ಮನೆ ಸತ್ತಿತು ಎಂದುಕೊಳ್ಳುವ ಹಾಗಿಲ್ಲ, ಯುಪಿಎಸ್ ಇದೆ. ಕರೆಂಟು ಹೋದೊಡನೆ ಅದು ಎಚ್ಚೆತ್ತು, ಅರ್ಧ ಮನೆಯ ತಂತಿಗಳಿಗೆ ಮತ್ತೆ 230 ವೋಲ್ಟು ತುಂಬುತ್ತದೆ, ಯಾವ ತಂತಿ ಯಾವುದರದು ಎಂಬ ಗುರುತಿಲ್ಲದೆ. ಹಾಗಾಗಿ ಮೊದಲು ಬಿಚ್ಚಬೇಕಾದ್ದು ಅದರ ಬ್ಯಾಟರಿ. ಮೀಟರಿನ ಕಡೆಯಿಂದ ಕಡಿಯುವುದು, ಹೊಸ ಹೊರೆಗೆ ತಕ್ಕಂತೆ ಮಂಜೂರಾತಿ ಹೆಚ್ಚಿಸಿಕೊಳ್ಳುವುದು ವಿದ್ಯುತ್ ಕಂಪನಿಯ ಮೂಲಕವೇ ಆಗಬೇಕು, ಕೆಲಸ ಪರವಾನಗಿ ಇರುವ ಗುತ್ತಿಗೆದಾರರದು. ಕಿತ್ತ ತಂತಿಯ ತಾಮ್ರ ಗುಜರಿಗೆ ಹೋಗಲಿ, ಒಳ್ಳೆಯ ಬೆಲೆಯೇ ಬರುತ್ತದೆ. ‘ಸತ್ತದ್ದು ತಾನೆ’ ಎಂದು ಒಂದು ತುಂಡನ್ನೂ ಗೋಡೆಯೊಳಗೆ ಬಿಡಬಾರದು. ಮುಂದೊಂದು ದಿನ ಯಾರೋ ಅದಕ್ಕೆ ಜೀವ ಕೊಟ್ಟುಬಿಡುತ್ತಾರೆ. ಹೊಸ ಕೊಳವೆಗಳು ನೆಟ್ಟಗೆ ಮೇಲಿಂದ ಕೆಳಕ್ಕೆ ಅಥವಾ ಅಡ್ಡ, ಓರೆಯಾಗಿ ಎಂದೂ ಅಲ್ಲ. ಗಾರೆ ಮೆತ್ತುವ ಮುಂಚೆ ಪ್ರತಿ ಗೋಡೆಯ ಫೋಟೊ, ನೆಲದಿಂದ ಮೂಲೆಯಿಂದ ಎಷ್ಟು ಅಡಿ ಎಂಬ ಅಳತೆ, ಯಾವ ಎಂಸಿಬಿ ಯಾವ ಕೋಣೆಗೆ ಎಂಬ ಪಟ್ಟಿ. ಅದರ ಒಂದು ಪ್ರತಿಯನ್ನು ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಿಡಬೇಕು, ಮುಂದಿನ ದೀಪಾವಳಿಗೆ ಹೊಸ ಕ್ಯಾಲೆಂಡರು ನೇತುಹಾಕಲು ಮೊಳೆ ಹಿಡಿದು ಬರುವವರಿಗಾಗಿ.